ನಮ್ಮ ಜೊತೆ ಕೆಲಸ ಮಾಡುವವರು

(ಕ್ಷೇತ್ರ ಕಾರ್ಯಕರ್ತರು, ಸ್ವಸಹಾಯ ಸಂಘಗಳ ಪ್ರತಿನಿಧಿಗಳು ಹಾಗೂ ವಿವಿಧ ಸಂಸ್ಥೆಗಳ ಮೇಲ್ವಿಚಾರಕರಿಗಾಗಿ ಹೊಸಪೇಟೆಯಲ್ಲಿ ನಡೆದ ಎರಡು ದಿನಗಳ ತರಬೇತಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಆಮಂತ್ರಣ ಪತ್ರದಲ್ಲಿ ನನ್ನ ಹೆಸರಿನ ಮುಂದೆ ‘ಸಂಪನ್ಮೂಲ ವ್ಯಕ್ತಿ’ ಅಂತ ಹಾಕಿದ್ದಾರೆ. ಸಂಡೂರಿನ ಕಡೆ ಸಂಪನ್ಮೂಲ ಅಂದ್ರೆ ಅದಿರು. ಅಗೆಯೋದು, ಲಾರಿಗೆ ತುಂಬೋದು, ಕಳಿಸೋದು. ಇವತ್ತು ಸಂಯೋಜಕರು ನನಗೂ ಅದೇ ಗತಿ ಅಂತ ತೀರ್ಮಾನ ಮಾಡಿದಂಗೆ ಕಾಣ್ತದೆ. ಇರಲಿ, ಮಧ್ಯಾಹ್ನದ ಊಟದ ತನಕ ಅಗೆಯಿರಿ.

ನಿನ್ನೆ ಸಾಯಂಕಾಲ ನಿಮಗೆಲ್ಲ ಒಂದೊಂದು ಚೀಟಿ ಕೊಟ್ಟು, ಕೆಲಸದ ಜಾಗದಲ್ಲಿ ನಿಮಗಿರುವ ದೊಡ್ಡ ತೊಂದರೆ ಏನು ಬರೆಯಿರಿ, ಹೆಸರು ಹಾಕುವುದು ಬೇಡ ಅಂದಿದ್ದೆ. ರಾತ್ರಿ ಕೂತು ಎಲ್ಲವನ್ನೂ ಓದಿದೆ. ಕೈಬರಹ ಬೇರೆ ಬೇರೆ, ದೂರು ಒಂದೇ. ‘ನಮ್ಮವರಿಗೆ ಆಸಕ್ತಿ ಇಲ್ಲ.’ ‘ಹೇಳಿದಷ್ಟೇ ಮಾಡ್ತಾರೆ.’ ‘ಸಭೆಗೆ ಕರೆದರೆ ಸಹಿ ಹಾಕಿ ಹೋಗ್ತಾರೆ.’ ‘ಒಬ್ಬರ ಮುಖ ಒಬ್ಬರು ನೋಡಲ್ಲ.’ ಇವರನ್ನು ಹುರಿದುಂಬಿಸುವುದು ಹೇಗೆ ಅಂತ ಎಲ್ಲರ ಪ್ರಶ್ನೆ. ಒಂದೇ ಒಂದು ಚೀಟಿಯಲ್ಲಿ ಬೇರೆ ತರಹದ ಪ್ರಶ್ನೆ ಇತ್ತು: ‘ಕೆಲಸಕ್ಕೆ ಸೇರಿದಾಗ ಇವಳು ಚೆನ್ನಾಗಿದ್ದಳು, ಆಮೇಲೆ ಏನಾಯ್ತು?’ ಅದನ್ನು ಬರೆದವರಿಗೆ ನನ್ನ ವಿಶೇಷ ನಮಸ್ಕಾರ. ಇವತ್ತು ನಾನು ಆ ಒಂದು ಚೀಟಿಗೆ ಉತ್ತರ ಹುಡುಕಲು ಪ್ರಯತ್ನ ಮಾಡುತ್ತೇನೆ. ಬಹಳಷ್ಟು ಜನ ಕೆಲಸಕ್ಕೆ ಸೇರುವ ದಿನ ಹುರುಪನ್ನು ಮನೆಯಿಂದಲೇ ತಂದಿರುತ್ತಾರೆ. ಅದು ಎಲ್ಲಿ ಸೋರಿ ಹೋಗ್ತಿದೆ ಅಂತ ನೋಡಬೇಕಾದವರು ನಾವು.

ಕಂಪ್ಲಿ ಕಡೆಯ ಅಕ್ಕಂದಿರು ಹಿಂದಿನ ಸಾಲಿನಲ್ಲಿ ಕೂತು ನಗ್ತಾ ಇದ್ದೀರಿ. ನಿಮ್ಮಿಂದಲೇ ಶುರು ಮಾಡೋಣ. ಮಳೆಗಾಲದಲ್ಲಿ ಕಾಲುವೆಗೆ ನೀರು ಬಿಟ್ಟು ಭತ್ತದ ನಾಟಿ ಶುರುವಾದರೆ ನೀವು ಗುಂಪು ಕಟ್ಟಿಕೊಂಡು ಹೊರಡ್ತೀರಿ. ಎಕರೆಗೆ ಇಷ್ಟು ಅಂತ ಗುತ್ತಿಗೆ ಮಾತಾಡ್ತೀರಿ. ಬೆಳಗ್ಗೆ ರೊಟ್ಟಿ ಕಟ್ಟಿಕೊಂಡು ಆಟೋ ಹತ್ತಿದರೆ ಸಂಜೆ ತನಕ ಕೆಸರಿನಲ್ಲೇ. ಅಲ್ಲಿ ಯಾರಾದರೂ ನಿಮಗೆ ‘ಪ್ರೇರಣಾ ಶಿಬಿರ’ ಮಾಡಿದಾರಾ? ಗುಂಪಿನ ಮುಂದಾಳು ಅಕ್ಕ ಬದುವಿನ ಮೇಲೆ ಕೊಡೆ ಹಿಡಿದು ನಿಲ್ಲಲ್ಲ. ಅವಳೂ ಸಾಲಿನಲ್ಲೇ ಬಗ್ಗಿರ್ತಾಳೆ. ಬೆನ್ನು ನೋವಿನ ಹಿರಿಯಳನ್ನು ಮನೆಗೆ ಕಳಿಸಲ್ಲ, ಸಸಿ ಕಟ್ಟು ಹಂಚೋ ಕೆಲಸ ಕೊಡ್ತಾಳೆ. ಹೊಸ ಸೊಸೆ ಹಿಂದೆ ಬಿದ್ದರೆ ಪಕ್ಕದವಳು ಕೈ ಚಾಚಿ ಅವಳ ನಾಲ್ಕು ಗುಣಿ ತಾನೇ ಹಚ್ತಾಳೆ. ಸಂಜೆ ದುಡ್ಡು ಬಂದರೆ ಎಲ್ಲರ ಕಣ್ಣೆದುರೇ ಎಣಿಸಿ ಹಂಚ್ತಾಳೆ. ಮುಂದಾಳು ಎಷ್ಟು ತಗೊಂಡಳು ಅಂತ ಎಲ್ಲರಿಗೂ ಗೊತ್ತು.

ಅದೇ ಅಕ್ಕಂದಿರು ಒಂದು ಕಚೇರಿಗೋ ಆಸ್ಪತ್ರೆಗೋ ಶಾಲೆಗೋ ಆಯಾ ಕೆಲಸಕ್ಕೆ ಸೇರಿದರೆ ಆರು ತಿಂಗಳಲ್ಲಿ ‘ಹೇಳಿದಷ್ಟೇ ಮಾಡ್ತಾರೆ’ ಅನ್ನಿಸಿಕೊಳ್ತಾರೆ. ಮನುಷ್ಯರು ಬದಲಾಗಲಿಲ್ಲ. ಅಲ್ಲಿ ಸಾಲಿನಲ್ಲಿ ಬಗ್ಗುವವರು ಬೇರೆ, ಬದುವಿನ ಮೇಲೆ ನಿಲ್ಲುವವರು ಬೇರೆ ಆದರು. (ನಾಟಿ ಗದ್ದೆಯನ್ನು ನಾನು ಸ್ವರ್ಗ ಅಂತ ಹೇಳ್ತಿಲ್ಲ. ಅಲ್ಲಿನ ಕೂಲಿಯ ಬಗ್ಗೆ ನಿಮ್ಮ ಹತ್ತಿರ ದೊಡ್ಡ ಪಟ್ಟಿ ಇದೆ ಅಂತ ಗೊತ್ತು, ಅದನ್ನು ಇನ್ನೊಂದು ಸಭೆಗೆ ಇಟ್ಟುಕೊಳ್ಳೋಣ.)

ಈಗ ಹೊಸಪೇಟೆಯವರಿಗೆ ಬರ್ತೀನಿ. ನಮ್ಮೂರಿನ ದೊಡ್ಡ ಉದಾಹರಣೆ ನಮ್ಮ ಮನೆಬಾಗಿಲಲ್ಲೇ ಇದೆ. 2024ರ ಆಗಸ್ಟ್ 10, ಶನಿವಾರ ರಾತ್ರಿ. ತುಂಗಭದ್ರಾ ಜಲಾಶಯದ 33 ಗೇಟುಗಳ ಪೈಕಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಕೊಂಡು ಹೋಯ್ತು. ತುಂಬಿದ ಡ್ಯಾಮು. ಒತ್ತಡ ಇಳಿಸಲು ಉಳಿದ ಗೇಟುಗಳಿಂದಲೂ ನೀರು ಬಿಡಬೇಕಾಯ್ತು. ಬೆಳಗ್ಗೆ ಎದ್ದರೆ ಊರೆಲ್ಲ ಅದೇ ಮಾತು. ಹೋದ ನೀರು ನಮ್ಮ ಜಿಲ್ಲೆಯದು ಮಾತ್ರ ಅಲ್ಲ. ಬಳ್ಳಾರಿ, ಕೊಪ್ಪಳ, ರಾಯಚೂರಿನ ಭತ್ತ, ಆಂಧ್ರ, ತೆಲಂಗಾಣದ ರೈತರ ಪಾಲು, ಎಲ್ಲವೂ ಆ ಒಂದು ಕಿಂಡಿಯಲ್ಲಿ ಹರಿದು ಹೋಗ್ತಾ ಇತ್ತು. ನಾಟಿ ಮಾಡಿದ ರೈತರು ಟಿವಿ ಮುಂದೆ ಕೂತು ಟಿಎಂಸಿ ಲೆಕ್ಕ ಹಾಕುತ್ತಿದ್ದರು.

ಆಗ ಬಂದವರು ಎನ್. ಕನ್ನಯ್ಯ ನಾಯ್ಡು, ಗೇಟುಗಳ ತಜ್ಞರು, ವಯಸ್ಸು ಎಪ್ಪತ್ತು ದಾಟಿದೆ. ನೀರು ಇಳಿದ ಮೇಲೆ ಹೊಸ ಗೇಟು ಕೂರಿಸುವುದು ಸುಲಭದ ದಾರಿ. ಆದರೆ ಅಷ್ಟರಲ್ಲಿ ಬೆಳೆ ಹೋಗುತ್ತದೆ. ಹಾಗಾಗಿ ನೀರು ಹರಿಯುತ್ತಿರುವಾಗಲೇ ತಾತ್ಕಾಲಿಕ ಗೇಟು ಇಳಿಸುವುದು ಅಂತ ಆಯ್ತು. ಗೇಟು ಅಂದ್ರೆ 60 ಅಡಿ ಅಗಲ, 20 ಅಡಿ ಎತ್ತರ. ಅದನ್ನು ಇಡಿಯಾಗಿ ಇಳಿಸಲು ಆಗಲ್ಲ. ಐದು ತುಂಡು ಮಾಡಿದರು. ತೋರಣಗಲ್ಲಿನ ಜಿಂದಾಲ್‌ನಲ್ಲಿ, ಹೊಸಪೇಟೆಯ ಖಾಸಗಿ ವರ್ಕ್‌ಶಾಪುಗಳಲ್ಲಿ ಹಗಲು ರಾತ್ರಿ ಉಕ್ಕು ಕತ್ತರಿಸಿ ಬೆಸೆದರು. ಒಂದೆಡೆ ತಯಾರಾದದ್ದು ಇನ್ನೊಂದೆಡೆ ತಯಾರಾದದ್ದರ ಮೇಲೆ ಸರಿಯಾಗಿ ಕೂರಬೇಕು. ಮೊದಲ ಪ್ರಯತ್ನ ಕೈಗೂಡಲಿಲ್ಲ. ಅಡ್ಡ ಬರುತ್ತಿದ್ದದ್ದನ್ನು ತೆಗೆದು ಮತ್ತೆ ಇಳಿಸಿದರು. ಆಗಸ್ಟ್ 16ರ ಸಂಜೆ ಮೊದಲ ತುಂಡು ಕೂತಿತು, ಮರುದಿನ ಉಳಿದವು. ಸೆಪ್ಟೆಂಬರಿನಲ್ಲಿ ಡ್ಯಾಮು ಮತ್ತೆ ತುಂಬಿತು. ಬಾಗಿನ ಅರ್ಪಿಸಲು ಬಂದ ಮುಖ್ಯಮಂತ್ರಿ ಸಿದ್ದರಾಮಯ್ಯನವರು ನಾಯ್ಡು ಅವರನ್ನೂ ಕೆಲಸ ಮಾಡಿದವರನ್ನೂ ಕರೆದು ಸನ್ಮಾನ ಮಾಡಿದರು.

ಈ ಕಥೆ ನಿಮಗೆಲ್ಲ ಗೊತ್ತಿರೋದೇ. ನಾನು ಎರಡು ಸಂಗತಿ ಮಾತ್ರ ತೋರಿಸಬೇಕು.

ಮೊದಲ ಪ್ರಯತ್ನ ಸೋತಿತು ಅಂದೆನಲ್ಲ, ಆ ರಾತ್ರಿಯನ್ನು ಸ್ವಲ್ಪ ಯೋಚನೆ ಮಾಡ್ರಿ. ಮೂರು ರಾಜ್ಯ ನೋಡ್ತಾ ಇದೆ, ಕ್ಯಾಮೆರಾಗಳು ನಿಂತಿವೆ. ನಮ್ಮ ನಿಮ್ಮ ಕಚೇರಿಯಾಗಿದ್ದರೆ ಏನಾಗ್ತಿತ್ತು? ಅಳತೆ ತಗೊಂಡವನು ಯಾರು, ಬೆಸುಗೆ ಹಾಕಿದವನು ಯಾರು, ಅವನಿಗೊಂದು ನೋಟಿಸ್ ಕೊಡ್ರಿ ಅಂತ ಅರ್ಧ ದಿನ ಹೋಗ್ತಿತ್ತು. ನೋಟಿಸ್ ಸಿಕ್ಕವನ ಕೈ ಮರುದಿನ ನಡುಗ್ತಿತ್ತು. ಉಳಿದವರು ‘ನಮ್ಯಾಕೆ ಬೇಕು’ ಅಂತ ಎರಡು ಹೆಜ್ಜೆ ಹಿಂದೆ ಸರೀತಿದ್ದರು. ಅಲ್ಲಿ ಮತ್ತೆ ಪ್ರಯತ್ನ ಮಾಡಿದರು, ಕೆಲಸ ಮುಗಿಯಿತು. ಸೋತ ಸಂಜೆ ನಾಯಕ ಯಾರ ಪಕ್ಕದಲ್ಲಿ ನಿಂತಿದ್ದ ಅನ್ನುವುದನ್ನು ಜನ ಬಹಳ ವರ್ಷ ನೆನಪಿಡುತ್ತಾರೆ. ಗೆದ್ದ ದಿನದ ಹಾರ ತುರಾಯಿ ಅಷ್ಟು ನೆನಪಿರಲ್ಲ.

ಇನ್ನೊಂದು ಸಂಗತಿ ಸ್ವಲ್ಪ ಕಹಿ. ಗೇಟು ಕಿತ್ತು ಹೋದಾಗ ಒಗ್ಗಟ್ಟು ಬರೋದು ದೊಡ್ಡ ಮಾತಲ್ಲ. ಮನೆಗೆ ಬೆಂಕಿ ಬಿದ್ದರೆ ಜಗಳ ಆಡಿದ ಓರಗಿತ್ತಿಯರೂ ಒಂದೇ ಕೊಡ ಹಿಡೀತಾರೆ. ಸರಪಳಿಗೆ ಗ್ರೀಸ್ ಹಚ್ಚುವ ದಿನ ಅಲ್ಲಿಗೆ ಯಾವ ಟಿವಿಯವರೂ ಬರಲ್ಲ. ನಿಮ್ಮ ನಮ್ಮ ಕೆಲಸದ ನೂರು ದಿನದಲ್ಲಿ ತೊಂಬತ್ತೊಂಬತ್ತು ಗ್ರೀಸ್ ಹಚ್ಚುವ ದಿನಗಳೇ. ನಾನು ಮಾತಾಡಬೇಕು ಅಂತಿರೋದು ಆ ದಿನಗಳ ಬಗ್ಗೆ.

ಸಂಡೂರಿನ ತಾಂಡಾಗಳಿಂದ ಬಂದ ತಾಯಂದಿರು ಇಲ್ಲಿದ್ದೀರಿ. ಸಂಡೂರು ಕುಶಲ ಕಲಾ ಕೇಂದ್ರದ ಹೆಸರು ಕೇಳದವರಿಲ್ಲ. 1980ರ ದಶಕದಿಂದ ಲಂಬಾಣಿ ಹೆಣ್ಣುಮಕ್ಕಳ ಕಸೂತಿಗೆ ಅಲ್ಲಿ ದಾರಿ ಸಿಕ್ಕಿದೆ. 2023ರ ಜುಲೈನಲ್ಲಿ ಜಿ20 ದೇಶಗಳ ಸಂಸ್ಕೃತಿ ಸಭೆ ಹಂಪಿಯಲ್ಲಿ ನಡೆದಾಗ, ಆ ಕೇಂದ್ರದ 450ಕ್ಕೂ ಹೆಚ್ಚು ಮಹಿಳೆಯರು ತಯಾರಿಸಿದ 1755 ಕಸೂತಿ ತುಂಡುಗಳನ್ನು ಪ್ರದರ್ಶನಕ್ಕಿಟ್ಟರು. ಲಂಬಾಣಿ ಕಸೂತಿಯ ಅತಿ ದೊಡ್ಡ ಪ್ರದರ್ಶನ ಅಂತ ಗಿನ್ನೆಸ್ ದಾಖಲೆಯಾಯ್ತು. ಒಬ್ಬೊಬ್ಬಳು ಹಾಕಿದ್ದು ಅಂಗೈ ಅಗಲದ ಕೆಲಸ ಇರಬಹುದು. ಆದರೆ ಎಲ್ಲವನ್ನೂ ಒಟ್ಟಿಗೆ ಹರಡಿದಾಗ ‘ಅಗೋ, ಆ ಕನ್ನಡಿ ಹಚ್ಚಿದ್ದು ನಂದು’ ಅಂತ ಬೆರಳು ಮಾಡಿ ತೋರಿಸಬಹುದು.

ನಮ್ಮ ಸಂಸ್ಥೆಗಳಲ್ಲಿ ಹೀಗೆ ಬೆರಳು ಮಾಡಿ ತೋರಿಸುವ ಅವಕಾಶ ಎಷ್ಟು ಜನಕ್ಕಿದೆ? ಹಳ್ಳಿ ಸಮೀಕ್ಷೆಗೆ ಬಿಸಿಲಲ್ಲಿ ಮನೆ ಮನೆ ತಿರುಗಿ ಫಾರಂ ತುಂಬಿದ ಪ್ರೇರಕಿಗೆ, ಆ ಫಾರಂನಿಂದ ಕೊನೆಗೆ ಏನಾಯ್ತು ಅಂತ ಯಾರಾದರೂ ಹೇಳಿದ್ದೀರಾ? ಅವಳ ಫಾರಂನಿಂದ ಹನ್ನೊಂದು ವಿಧವೆಯರಿಗೆ ಪಿಂಚಣಿ ಮಂಜೂರಾಗಿದ್ದರೆ ಅದನ್ನು ವಾರ್ಷಿಕ ವರದಿಯಲ್ಲಿ ಅಚ್ಚು ಹಾಕಿಸ್ತೀವಿ, ದೊಡ್ಡವರಿಗೆ ಅಂಚೆಯಲ್ಲಿ ಕಳಿಸ್ತೀವಿ, ಅವಳಿಗೊಂದು ಪ್ರತಿ ಕೊಡಲ್ಲ. ಮುಂದಿನ ಸಲ ಅವಳು ಫಾರಂ ಅನ್ನು ಮರದ ಕೆಳಗೆ ಕೂತು ತುಂಬಿದರೆ ‘ಆಸಕ್ತಿ ಇಲ್ಲ’ ಅಂತ ಚೀಟಿ ಬರೀತೀವಿ.

ಆ ಒಂದು ಚೀಟಿಯವರು ಕೇಳಿದ್ದರಲ್ಲ, ಆಮೇಲೆ ಏನಾಯ್ತು ಅಂತ. ಒಂದು ಉತ್ತರ ಇದು. ಇನ್ನೊಂದು ಉತ್ತರ ಹೇಳಲು ನಾನು ನನ್ನ ಮಾತೇ ಹೇಳಬೇಕಾಗುತ್ತದೆ.

ನಾನು ಸಂಡೂರು ತಾಲ್ಲೂಕಿನ ಒಂದು ಗಣಿಯಲ್ಲಿ ಏಳು ವರ್ಷ ಶಿಫ್ಟ್ ಮೇಲ್ವಿಚಾರಕನಾಗಿದ್ದೆ. ಕಂಪನಿ ಹೆಸರು ಬೇಡ. ನನ್ನ ಕೈಕೆಳಗೆ ನಲವತ್ತೆರಡು ಜನ: ಟಿಪ್ಪರ್ ಡ್ರೈವರ್‌ಗಳು, ಡ್ರಿಲ್ಲಿಂಗ್‌ನವರು, ಹೆಲ್ಪರ್‌ಗಳು. ಬಹಳ ಶಿಸ್ತಿನವನು ಅಂತ ಹೆಸರು ಮಾಡಿದ್ದೆ. ಒಬ್ಬ ಹೆಲ್ಪರ್ ದಿನಾ ಅರ್ಧ ಗಂಟೆ ತಡ. ನಾಲ್ಕು ಸಲ ಎಲ್ಲರ ಮುಂದೆ ಬೈದು ಅರ್ಧ ದಿನದ ಹಾಜರಿ ಕಡಿದೆ. ಐದನೇ ಸಲ ಇನ್ನೊಬ್ಬ ಡ್ರೈವರ್ ತಡೆಯಲಾರದೆ ಹೇಳಿದ: ‘ಸರ್, ನಮ್ಮ ಜೀಪು ಈಗ ಆತನ ತಾಂಡಾದ ಹತ್ರ ನಿಲ್ಲಿಸಂಗಿಲ್ಲ. ನಡಕೊಂಡು ಬರ್ತಾನ.’ ದಾರಿ ಬದಲಾಯಿಸಿ ಮೂರು ವಾರ ಆಗಿತ್ತು. ಬದಲಾಯಿಸಿದ್ದು ನಾನೇ, ಡೀಸೆಲ್ ಉಳಿಸಲು. ಜೀಪು ನಿಲ್ಲಿಸಲು ಹೇಳಿದೆ, ಅಷ್ಟಕ್ಕೇ ಮುಗೀತು. ಆದರೆ ಆ ಹುಡುಗ ಆಮೇಲೆ ನನ್ನ ಜೊತೆ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡ್ತಿದ್ದ. ಕಡಿದ ಎರಡು ದಿನದ ಕೂಲಿ ವಾಪಸ್ ಕೊಡಿಸಬೇಕು ಅಂತ ನನಗೆ ಹೊಳೆಯಲೇ ಇಲ್ಲ. ಹೊಳೆದಾಗ ಗಣಿಯೇ ಇರಲಿಲ್ಲ.

ಗಣಿ ಹೇಗೆ ಹೋಯ್ತು ಅಂತ ಬಳ್ಳಾರಿ ಕಡೆಯವರಿಗೆ ವಿವರಿಸಬೇಕಾಗಿಲ್ಲ. 2011ರ ಜುಲೈ 29ರಂದು ಸುಪ್ರೀಂ ಕೋರ್ಟು ಜಿಲ್ಲೆಯಲ್ಲಿ ಗಣಿಗಾರಿಕೆ ನಿಲ್ಲಿಸಲು ಆದೇಶ ಮಾಡಿತು. ಕಾಡಿಗೆ, ಕೆರೆಗೆ, ರಸ್ತೆಗೆ ಆದ ಅನ್ಯಾಯ ನೋಡಿದವರು ಆ ಆದೇಶವನ್ನು ತಪ್ಪು ಅನ್ನಲಾರರು, ನಾನೂ ಅನ್ನಲ್ಲ. ಆದರೆ ಮರುದಿನ ನಲವತ್ತೆರಡು ಜನ ಗೇಟಿನ ಮುಂದೆ ಬಂದು ನಿಂತರು. ‘ಸರ್, ಏನ್ ಮಾಡೋಣ?’ ಮೇಲಿನವರು ನನಗೆ ಹೇಳಿದ್ದರು: ಹುಡುಗರು ಚದುರಿ ಹೋಗಬಾರದು, ಮತ್ತೆ ಶುರುವಾದರೆ ಪಳಗಿದವರು ಸಿಗಲ್ಲ, ಎರಡು ತಿಂಗಳಲ್ಲಿ ತೆರೀತದೆ ಅನ್ನು. ನಮ್ಮ ಗಣಿಯ ಕಾಗದಪತ್ರದ ಸ್ಥಿತಿ ನನಗೆ ಗೊತ್ತಿತ್ತು. ಎರಡು ತಿಂಗಳ ಮಾತು ಸುಳ್ಳು ಅಂತ ಗೊತ್ತಿದ್ದೇ ನಾನು ಹೇಳಿದೆ. ಬಹಳ ವಿಶ್ವಾಸದಿಂದ, ಬೆನ್ನು ತಟ್ಟಿ, ನಗುನಗುತ್ತಾ ಹೇಳಿದೆ. ಇವತ್ತು ಇದನ್ನೇ ‘ತಂಡದಲ್ಲಿ ಆತ್ಮವಿಶ್ವಾಸ ತುಂಬುವುದು’ ಅಂತ ಪಾಠ ಮಾಡುವವರಿದ್ದಾರೆ.

ಕೆಲವರು ನನ್ನ ಮಾತು ನಂಬದೆ ಆ ವಾರವೇ ಬೇರೆ ಕಡೆ ಹೋದರು. ನಂಬಿದವರು ಕಾದರು. 2013ರ ಏಪ್ರಿಲ್‌ನಲ್ಲಿ ಕೋರ್ಟು ‘ಸಿ’ ವರ್ಗದ ಗಣಿಗಳ ಗುತ್ತಿಗೆಯನ್ನೇ ರದ್ದು ಮಾಡಿತು. ನಮ್ಮದು ಅದರಲ್ಲಿತ್ತು.

ಅದಾಗಿ ಒಂದು ವರ್ಷದ ಮೇಲೆ, ಹೊಸಪೇಟೆ ಬಸ್ ಸ್ಟ್ಯಾಂಡಿನಲ್ಲಿ ನಮ್ಮ ಹಳೇ ಟಿಪ್ಪರ್ ಡ್ರೈವರ್ ಸಿಕ್ಕ. ನನ್ನನ್ನು ನೋಡಿ ತಾನೇ ಬಂದು ಮಾತಾಡಿಸಿದ, ಚಹಾ ಕುಡಿಸಿದ, ದುಡ್ಡು ಕೊಡಲು ಬಿಡಲಿಲ್ಲ. ಗಣಿ ನಿಂತ ವಾರವೇ ಗಂಗಾವತಿಯ ರೈಸ್ ಮಿಲ್ ಒಂದರಲ್ಲಿ ಲಾರಿ ಓಡಿಸಲು ಅವನನ್ನು ಕರೆದಿದ್ದರಂತೆ. ನನ್ನ ಮಾತಿನ ಮೇಲೆ ಬೇಡ ಅಂದ. ಐದು ತಿಂಗಳು ಕಾದು ಹೋದಾಗ ಆ ಜಾಗ ತುಂಬಿತ್ತು. ಹೆಂಡತಿಯ ಬಂಗಾರ ಒತ್ತೆಗೆ ಹೋಯ್ತು, ಮಗಳನ್ನು ಹಾಸ್ಟೆಲ್ ಬಿಡಿಸಿ ಮನೆಗೆ ಕರೆತಂದರು. ಇಷ್ಟು ಹೇಳಿ ಅವನು ಅಂದ ಮಾತು: ‘ನಿಮ್ಮ ಮ್ಯಾಲೆ ಸಿಟ್ಟಿಲ್ಲರಿ ಸರ. ನನಗೂ ಗೊತ್ತಿಲ್ಲಪ್ಪಾ ಅಂತ ಅವತ್ತು ಅಂದುಬಿಟ್ಟಿದ್ರ ಸಾಕಿತ್ತು.’

ಸಿಟ್ಟು ಮಾಡಿದ್ದರೆ ನನಗೆ ಹಗುರ ಆಗ್ತಿತ್ತು.

ಅಂದಿನಿಂದ ನನಗೆ ‘ಪ್ರೇರಣೆ’ ಅನ್ನುವ ಪದ ಕೇಳಿದರೆ ಸ್ವಲ್ಪ ಅನುಮಾನ. ನಮ್ಮ ಬಳಿ ಅಧಿಕಾರ ಇದೆ ಅಂದ್ರೆ ನಮಗೆ ಇನ್ನೊಬ್ಬರಿಗಿಂತ ಮೊದಲು ಸುದ್ದಿ ಗೊತ್ತಾಗುತ್ತದೆ ಅಂತ ಅರ್ಥ. ಆ ಸುದ್ದಿಯನ್ನು ಏನು ಮಾಡ್ತೀವಿ? ನಮ್ಮ ಕಾಲುವೆಗಳನ್ನೇ ನೋಡಿ. ಮೇಲ್ಭಾಗದವರ ಗದ್ದೆ ತುಂಬಿ ಬದು ಒಡೀತಿರುತ್ತದೆ, ಕೊನೆ ಭಾಗದ ರೈತ ತೂಬಿನ ಹತ್ತಿರ ರಾತ್ರಿಯೆಲ್ಲ ಕಾಯ್ತಿರುತ್ತಾನೆ. ಒಳ್ಳೆಯ ನೀರುಗಂಟಿ ಸಲಿಕೆ ಹೆಗಲಿಗಿಟ್ಟು ಕೊನೆ ತೂಬಿನ ತನಕ ನಡೀತಾನೆ, ನೀರು ಮುಟ್ಟಿತಾ ಅಂತ ಕಣ್ಣಾರೆ ನೋಡ್ತಾನೆ. ಕಚೇರಿಯಲ್ಲಿ ಸುದ್ದಿಗೂ ಹೀಗೇ ನಡೆಯಬೇಕು. ಯೋಜನೆ ಮಾರ್ಚಿಗೆ ಮುಗಿಯುತ್ತದೆ, ಮುಂದಿನದು ಮಂಜೂರಾಗಿಲ್ಲ ಅನ್ನುವುದು ನಿರ್ದೇಶಕರಿಗೆ ಅಕ್ಟೋಬರಿನಲ್ಲಿ ಗೊತ್ತು, ಸಂಯೋಜಕರಿಗೆ ಡಿಸೆಂಬರಿನಲ್ಲಿ, ಪ್ರೇರಕಿಗೆ ಮಾರ್ಚ್ 28ಕ್ಕೆ. ಅಡುಗೆಯ ಅಮ್ಮನಿಗೆ ಏಪ್ರಿಲ್ ಒಂದರಂದು ಬೀಗ ಹಾಕಿದ ಬಾಗಿಲು ನೋಡಿದಾಗ. ಇದು ಎಲ್ಲ ಸಂಸ್ಥೆಗಳಲ್ಲೂ ಆಗುತ್ತದೆ, ಸೇವಾ ಸಂಸ್ಥೆಗಳಲ್ಲೂ ಆಗುತ್ತದೆ. ಗುರುಗಳು ತಲೆ ಆಡಿಸ್ತಿದ್ದಾರೆ, ಹಾಗಾಗಿ ಧೈರ್ಯವಾಗಿ ಹೇಳ್ತಿದ್ದೀನಿ.

ಕೆಟ್ಟ ಸುದ್ದಿ ಹೇಳಿದರೆ ಜನ ಬಿಟ್ಟು ಹೋಗ್ತಾರೆ ಅಂತ ಹೆದರಿಕೆ. ಕೆಲವರು ಹೋಗಲಿ. ಅವರ ಮನೆಯಲ್ಲೂ ಒಲೆ ಉರಿಯಬೇಕಲ್ಲ. ಉಳಿದವರು ಮಾತ್ರ ಗೊತ್ತಿದ್ದು ಉಳಿದವರಾಗಿರುತ್ತಾರೆ.

ಬಹುಮಾನ, ಪ್ರಶಸ್ತಿ, ವರ್ಷದ ಉತ್ತಮ ಕಾರ್ಯಕರ್ತೆ, ಇವುಗಳ ಬಗ್ಗೆ ಮೂರು ಚೀಟಿ ಬಂದಿವೆ. ಮಾಡಿ, ಬೇಡ ಅನ್ನಲ್ಲ. ಆದರೆ ಸಂಬಳ ಹತ್ತನೇ ತಾರೀಕಿಗೆ ಬರಬೇಕಾದದ್ದು ಇಪ್ಪತ್ತೆರಡಕ್ಕೆ ಬರುವ ಕಡೆ ಶಾಲು ಹೊದಿಸಿದರೆ ಆ ಶಾಲು ಚುಚ್ಚುತ್ತದೆ.

ಕೆಲಸಗಳ್ಳ ಒಬ್ಬನಿದ್ದರೆ ಏನು ಮಾಡೋದು ಅಂತ ಕೇಳಿದ್ದೀರಿ. ನಿಮ್ಮಲ್ಲಿ ಕೆಲವರು ಉದ್ಯೋಗ ಖಾತ್ರಿಯಲ್ಲಿ ಕಾಯಕ ಬಂಧುಗಳಾಗಿ ದುಡಿದವರು. ಅಳತೆ ಪ್ರಕಾರ ಕೂಲಿ ಇದ್ದಾಗ ಒಬ್ಬ ಸಲಿಕೆ ಊರಿ ನಿಂತರೆ ಗುಂಪಿನ ಎಲ್ಲರ ಕೂಲಿ ಇಳಿಯುತ್ತಿತ್ತು. ಅದನ್ನು ನಿಭಾಯಿಸಿದ ನಿಮಗೆ ನಾನೇನು ಹೇಳಲಿ? ಇಷ್ಟೇ: ಮೊದಲು ಒಬ್ಬನನ್ನೇ ಕೂರಿಸಿಕೊಂಡು ಕೇಳಿ. ಜೀಪು ಎಲ್ಲಿ ನಿಲ್ಲುತ್ತಿಲ್ಲ ಅಂತ ಕೇಳಿ. ಕೇಳಿದ ಮೇಲೂ ಅವನು ಕಳ್ಳನೇ ಆಗಿದ್ದರೆ ಗಟ್ಟಿಯಾಗಿ ಹೇಳಿ, ಉಳಿದವರು ಅದನ್ನೇ ಕಾಯ್ತಿರ್ತಾರೆ. ಒಳ್ಳೆಯವನು ಅನ್ನಿಸಿಕೊಳ್ಳಲು ಮೇಲ್ವಿಚಾರಕ ಸುಮ್ಮನಿದ್ದರೆ ದುಡಿಯುವವರ ಕೈ ಸೋಲುತ್ತದೆ.

ಊಟಕ್ಕೆ ಇನ್ನು ಇಪ್ಪತ್ತು ನಿಮಿಷ ಇದೆ, ಅಡುಗೆಮನೆಯಿಂದ ಒಗ್ಗರಣೆ ವಾಸನೆ ಬಂತು, ನಿಮ್ಮ ಗಮನ ಹೋಯ್ತು ಅಂತ ಗೊತ್ತು. ಒಂದು ಕೆಲಸ ಮಾಡಿ. ಎಲ್ಲರಿಗೂ ಬಿಳಿ ಹಾಳೆ ಕೊಡ್ತಾರೆ. ನಿಮ್ಮ ಜೊತೆ ಕೆಲಸ ಮಾಡುವ ಎಲ್ಲರ ಹೆಸರು ಒಂದರ ಕೆಳಗೊಂದು ಬರೆಯಿರಿ. ಗುಡಿಸುವವರು, ಕಾವಲಿನವರು, ಅಡುಗೆಯವರು ಸೇರಿ. ಹೆಸರಿನ ಮುಂದೆ ಊರು, ಕೆಲಸಕ್ಕೆ ಹೇಗೆ ಬರ್ತಾರೆ, ಮನೆಯಲ್ಲಿ ಯಾರಿದ್ದಾರೆ. ಅದರ ಪಕ್ಕ, ನಿಮಗೆ ಗೊತ್ತಿದ್ದು ಅವರಿಗೆ ಇನ್ನೂ ಹೇಳದ ಮಾತು ಯಾವುದಾದರೂ ಇದ್ದರೆ ಅದು. ಈ ಹಾಳೆ ನನಗೆ ಕೊಡಬೇಡಿ, ಮಡಿಚಿ ಜೇಬಿಗೆ ಹಾಕಿಕೊಳ್ಳಿ. ಖಾಲಿ ಉಳಿದ ಜಾಗ ಎಷ್ಟಿದೆ ಅಂತ ಮಾತ್ರ ಎಣಿಸಿಕೊಳ್ಳಿ, ಸೋಮವಾರ ಕೆಲಸಕ್ಕೆ ಹೋದಾಗ ಅಲ್ಲಿಂದಲೇ ಶುರು ಮಾಡಬಹುದು. ಪೆನ್ನು ಇಲ್ಲದವರು ಕೈ ಎತ್ತಿ. ಬರೆಯಲು ಬಾರದ ತಾಯಂದಿರು ಪಕ್ಕದ ಹುಡುಗಿಗೆ ಹೇಳಿ ಬರೆಸಿರಿ.